ಇಳಿಸಬೇಕು, ಬತ್ತಿಸಬಾರದು

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತೈದು ದಾಟದ ಹೆಂಗಸೊಬ್ಬಳು ಗರ್ಭಚೀಲ ತೆಗೆಸಿಕೊಂಡಳೆಂದರೆ ಕೇಳಿದವರು ಬೆರಗಾಗುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರುವವರಲ್ಲಿ, ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗುವವರಲ್ಲಿ, ಕಾಗಿನೆಲೆ ಸೀಮೆಯ ಗೋವಿನಜೋಳದ ಹೊಲಗಳಲ್ಲಿ ಕಳೆ ತೆಗೆಯುವವರಲ್ಲಿ ಅಂಥವರು ಸಿಗುತ್ತಾರೆ. ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆಯೇ ಗರ್ಭಚೀಲ ತೆಗೆದರೆಂದು ಸುತ್ತಲಿನ ತಾಂಡಾ, ಹಳ್ಳಿಗಳ ಹೆಂಗಸರು ದೂರಿದರು, ಬೀದಿಗಿಳಿದರು, ಪರಿಹಾರ ಕೇಳಿದರು. ದೂರಿದವರ ಲೆಕ್ಕ ಸಾವಿರ ದಾಟಿತ್ತು. ಅದಕ್ಕೂ ಮೊದಲು, 2015ರ ಸುಮಾರಿಗೆ, ಕಲಬುರಗಿಯ ತಾಂಡಾಗಳಿಂದ ಇಂಥದ್ದೇ ಕೂಗು ಎದ್ದಿತ್ತು.

ಗರ್ಭಚೀಲ ತೆಗೆಸಲು ಹೆಂಗಸರು ಹೇಳುವ ಕಾರಣಗಳು ಹಲವು. ಬಿಳಿ ಹೋಗುವುದು, ಮುಟ್ಟು ನಿಲ್ಲದೆ ಸುರಿಯುವುದು, ಮುಂದೆ ಕ್ಯಾನ್ಸರ್ ಆದೀತೆಂಬ ಹೆದರಿಕೆ. ಇವುಗಳ ಜೊತೆಗೆ ಇನ್ನೊಂದು, ತಿಂಗಳು ತಿಂಗಳೂ ಹೊಟ್ಟೆ ಹಿಂಡಿ, ಸೊಂಟ ಸೆಳೆದು, ಎರಡು ಮೂರು ದಿನದ ಕೂಲಿ ನುಂಗುವ ನೋವು. ‘ಹೆಂಗೂ ಎರಡು ಮಕ್ಳಾಗ್ಯಾವು, ಇನ್ನ ಚೀಲ ಇಟಗೊಂಡು ಏನ ಮಾಡ್ತೀಯವಾ, ತಗಸಿಬಿಡು’ ಎಂದು ಓರಗಿತ್ತಿ ಹೇಳುತ್ತಾಳೆ, ಅತ್ತೆ ಹೇಳುತ್ತಾಳೆ, ಒಮ್ಮೊಮ್ಮೆ ವೈದ್ಯರೂ ಹೇಳುತ್ತಾರೆ. ಇಂಥ ನೋವಿನ ಹಿಂದೆ ಇರಬಹುದಾದ ಕಾಯಿಲೆಗಳಲ್ಲಿ ಎಂಡೊಮೆಟ್ರಿಯೋಸಿಸ್ ಮುಖ್ಯವಾದದ್ದು. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ, ಜಗತ್ತಿನಲ್ಲಿ ಒಟ್ಟು 19 ಕೋಟಿ ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಈ ಕಾಯಿಲೆಗೆ ಗರ್ಭಚೀಲವೊಂದನ್ನೇ ತೆಗೆದರೆ ವಾಸಿಯಾಗುತ್ತದೆಂಬ ಖಾತ್ರಿಯಿಲ್ಲ, ಏಕೆಂದರೆ ಕಾಯಿಲೆ ಕೂತಿರುವುದು ಗರ್ಭಚೀಲದ ಹೊರಗೆ. ಅದನ್ನು ಹಿಡಿತದಲ್ಲಿಡಲು ಬೇಕಾದದ್ದು ರಕ್ತದಲ್ಲಿನ ಒಂದು ಹಾರ್ಮೋನನ್ನು ತಕ್ಕ ಮಟ್ಟಕ್ಕೆ ಇಳಿಸುವುದು. ಎಷ್ಟಕ್ಕೆ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಈ ಚಿಕಿತ್ಸೆಯ ಜಾಣ್ಮೆಯೆಲ್ಲ ಇದೆ.

ಗರ್ಭಕೋಶದ ಒಳಗೋಡೆಗೆ ಒಂದು ಪದರವಿದೆ. ತಿಂಗಳು ತಿಂಗಳೂ ಬೆಳೆದು, ಬಸಿರು ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಬೀಳುವುದು ಅದೇ. ಅಮೆರಿಕದ ಆಲ್ಬನಿ ಊರಿನ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಈ ಪದರದಂಥದೇ ತುಣುಕುಗಳನ್ನು ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಪೊರೆಯ ಮೇಲೆ ಕಂಡರು. ಮುಟ್ಟಿನ ರಕ್ತದಲ್ಲಿ ಒಂದಿಷ್ಟು ಗರ್ಭನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರೊಡನೆ ಹೋದ ಜೀವಂತ ಕೋಶಗಳು ಅಲ್ಲೇ ಬೇರೂರುತ್ತವೆ ಎಂದು 1927ರಲ್ಲಿ ವಾದಿಸಿದರು. ಹೀಗೆ ಹಿಂದಕ್ಕೆ ಹರಿಯುವುದು ಮುಟ್ಟಾಗುವ ಬಹುತೇಕ ಹೆಂಗಸರಲ್ಲಿ ನಡೆಯುವಂಥದ್ದೇ. ಹೆಚ್ಚಿನವರಲ್ಲಿ ದೇಹದ ರಕ್ಷಣಾ ಕೋಶಗಳು ಆ ತುಣುಕುಗಳನ್ನು ಗುಡಿಸಿಹಾಕುತ್ತವೆ. ಕೆಲವರಲ್ಲಿ ಮಾತ್ರ ಅವು ಉಳಿದು ಬೆಳೆಯುತ್ತವೆ. ಅದರ ಹಿಂದೆ ವಂಶವಾಹಿಗಳ ಪಾತ್ರವಿದೆ, ರಕ್ಷಣಾ ವ್ಯವಸ್ಥೆಯ ದೌರ್ಬಲ್ಯವೂ ಇದೆ.

ಬೇರೂರಿದ ತುಣುಕು ಗರ್ಭಕೋಶದ ಪದರ ನಡೆದುಕೊಂಡಂತೆಯೇ ನಡೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಉಬ್ಬುತ್ತದೆ, ಒಸರುತ್ತದೆ. ಆದರೆ ಅಲ್ಲಿಂದ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲ. ಸುತ್ತ ಉರಿಯೂತವಾಗುತ್ತದೆ, ಹೊಸ ನರಗಳು ಬೆಳೆದು ನೋವು ಹೆಚ್ಚುತ್ತದೆ, ಅಂಗಕ್ಕೆ ಅಂಗ ಅಂಟಿಕೊಳ್ಳುತ್ತದೆ. ಅಂಡಾಶಯದೊಳಗೆ ಹಳೆಯ ರಕ್ತ ಕಪ್ಪುಗಂದಾಗಿ ಮಂದವಾಗಿ ತುಂಬಿಕೊಂಡರೆ ವೈದ್ಯರು ಅದಕ್ಕೆ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ಮುಟ್ಟಿನಲ್ಲಷ್ಟೇ ಅಲ್ಲ, ಗಂಡನೊಡನೆ ಕೂಡುವಾಗ, ಮಲವಿಸರ್ಜನೆ ಮಾಡುವಾಗಲೂ ನೋವು. ಇದನ್ನು ಬಾಯಿ ಬಿಟ್ಟು ಹೇಳುವವರು ಕಡಿಮೆ. ಹೇಳಿದರೂ, ಸಣ್ಣ ತೇಪೆಗಳು ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ‘ಸ್ಕ್ಯಾನ್ ನಾರ್ಮಲ್ ಐತಿ’ ಎಂಬ ಚೀಟಿ ಕೈಗೆ ಬಂದ ಮೇಲೆ ಅವಳ ನೋವನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ಮದುವೆಯಾಗದವಳಿಗೆ ‘ಮದುವಿಯಾದ್ರ ಸರಿ ಹೊಕ್ಕೈತಿ’ ಅನ್ನುತ್ತಾರೆ, ಮದುವೆಯಾದವಳಿಗೆ ‘ಒಂದು ಕೂಸಾಗಲಿ’ ಅನ್ನುತ್ತಾರೆ. ಕಾಯಿಲೆಯ ಹೆಸರು ತಿಳಿಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ, ಮುಂದುವರಿದ ದೇಶಗಳಲ್ಲೂ. ಹಿಂದೆಲ್ಲ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಕಣ್ಣಾರೆ ಕಂಡ ಮೇಲೆಯೇ ಚಿಕಿತ್ಸೆ ಎಂಬ ಪದ್ಧತಿಯಿತ್ತು. ಯುರೋಪಿನ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಅದನ್ನು ಸಡಿಲಿಸಿತು. ಲಕ್ಷಣಗಳು ಹೊಂದುತ್ತಿದ್ದರೆ, ಸ್ಕ್ಯಾನ್ ಸರಿಯಿದ್ದರೂ, ಹಾರ್ಮೋನು ಚಿಕಿತ್ಸೆ ಕೊಟ್ಟು ನೋಡಬಹುದು. ತಾಲ್ಲೂಕು ಆಸ್ಪತ್ರೆಯನ್ನೇ ನಂಬಿದ ಊರುಗಳಿಗೆ ಇದಕ್ಕಿಂತ ಉಪಯೋಗದ ಬದಲಾವಣೆ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಈ ತುಣುಕುಗಳನ್ನು ಬೆಳೆಸುವ ಹಾರ್ಮೋನು ಈಸ್ಟ್ರೋಜೆನ್. ಮೈನೆರೆಯುವ ಮುನ್ನ ಈ ಕಾಯಿಲೆ ಅತಿ ಅಪರೂಪ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಣಿಯುತ್ತದೆ. ಈಸ್ಟ್ರೋಜೆನ್‌ಗಳಲ್ಲಿ ಪ್ರಬಲವಾದದ್ದು ಈಸ್ಟ್ರಡಯಾಲ್. ರಕ್ತದಲ್ಲಿ ಅದರ ಪ್ರಮಾಣ ಅಚ್ಚರಿಯೆನಿಸುವಷ್ಟು ಕಡಿಮೆ, ಹಾಗಾಗಿ ಅಳೆಯುವುದು ಪಿಕೋಗ್ರಾಂಗಳಲ್ಲಿ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೋಗ್ರಾಂ. ಮುಟ್ಟಾದ ಮೊದಲ ದಿನಗಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 30ರಿಂದ 50 ಪಿಕೋಗ್ರಾಂ ಇರುತ್ತದೆ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಅದು ಏರುತ್ತ 200 ದಾಟಿ ಕೆಲವೊಮ್ಮೆ 400 ಮುಟ್ಟುತ್ತದೆ. ಆಮೇಲೆ ತುಸು ಇಳಿದು, ಮತ್ತೆ ಏರಿ, ಮುಂದಿನ ಮುಟ್ಟಿನ ಹೊತ್ತಿಗೆ ಕುಸಿಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ 20ಕ್ಕಿಂತ ಕೆಳಗೆ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವುದು ಸಾಧ್ಯವಾದದ್ದು ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಗೆ ವಿಕಿರಣಶೀಲ ಅಯೋಡಿನ್ ಬಳಸಿ ಕಟ್ಟಿದ ವಿಧಾನದಿಂದ. ಅವರು ಮೊದಲು ಅಳೆದದ್ದು ಇನ್ಸುಲಿನ್. ಇಂದು ಹಾವೇರಿಯ ಲ್ಯಾಬಿಗೆ ಕೊಟ್ಟ ರಕ್ತದಲ್ಲಿ ಹಾರ್ಮೋನು ಅಳೆಯುವ ಯಂತ್ರಗಳು ವಿಕಿರಣವನ್ನು ಬಳಸುವುದಿಲ್ಲ, ಆದರೆ ಅವುಗಳ ಹಿಂದಿರುವುದು ಅದೇ ಯೋಚನೆ. 1977ರ ವೈದ್ಯಕೀಯ ನೊಬೆಲ್‌ನಲ್ಲಿ ಅರ್ಧ ಯಾಲೊ ಅವರಿಗೆ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದರ್ಧವನ್ನು ಹಂಚಿಕೊಂಡ ಇಬ್ಬರು ಈ ಕಥೆಯಲ್ಲಿ ಮುಂದೆ ಬರುತ್ತಾರೆ.

ಈಸ್ಟ್ರಡಯಾಲ್‌ನ ಹೆಚ್ಚಿನ ಪಾಲು ಬರುವುದು ಅಂಡಾಶಯದಿಂದ. ಆದರೆ ಎಂಡೊಮೆಟ್ರಿಯೋಸಿಸ್ ತುಣುಕು ತನಗೆ ಬೇಕಾದದ್ದನ್ನು ತಾನೇ ಒಂದಿಷ್ಟು ತಯಾರಿಸಿಕೊಳ್ಳುತ್ತದೆ. ಅರೋಮಟೇಸ್ ಎಂಬ ಕಿಣ್ವ ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಆರೋಗ್ಯವಂತ ಗರ್ಭಕೋಶದ ಪದರದಲ್ಲಿ ಈ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ, ತುಣುಕುಗಳಲ್ಲಿ ಅದು ಚುರುಕಾಗಿದೆ ಎಂಬುದನ್ನು ಸೆರ್ದಾರ್ ಬುಲುನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು. ಉರಿಯೂತದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಅರೋಮಟೇಸನ್ನು ಕೆರಳಿಸುತ್ತದೆ, ಅರೋಮಟೇಸ್ ಈಸ್ಟ್ರೋಜೆನ್ ಹೆಚ್ಚಿಸುತ್ತದೆ, ಈಸ್ಟ್ರೋಜೆನ್ ಮತ್ತೆ ಪ್ರೊಸ್ಟಗ್ಲಾಂಡಿನ್ ಹೆಚ್ಚಿಸುತ್ತದೆ. ಒಮ್ಮೆ ಶುರುವಾದದ್ದು ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. ಈಸ್ಟ್ರೋಜೆನ್‌ಗೆ ಕಡಿವಾಣ ಹಾಕಬೇಕಾದ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನಿನ ಮಾತನ್ನು ಈ ತುಣುಕುಗಳು ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಈಸ್ಟ್ರಡಯಾಲ್ ಮಾಮೂಲಾಗಿದ್ದರೂ ತುಣುಕಿನೊಳಗೆ ಅದು ಹೆಚ್ಚಿರಬಹುದು. ರಕ್ತದ ಹಾರ್ಮೋನು ಅಳೆದು ಈ ಕಾಯಿಲೆಯನ್ನು ಪತ್ತೆ ಮಾಡಲು ಆಗುವುದಿಲ್ಲ.

ಬಸುರಿಯಾದಾಗ ಎಷ್ಟೋ ಹೆಂಗಸರಿಗೆ ಈ ನೋವು ತಗ್ಗುತ್ತದೆ. ಅದನ್ನು ಗಮನಿಸಿದ ಬಾಸ್ಟನ್‌ನ ರಾಬರ್ಟ್ ಕಿಸ್ಟ್ನರ್ 1950ರ ದಶಕದ ಕೊನೆಯಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಸೇರಿಸಿದ ಗುಳಿಗೆಯನ್ನು ಬಿಡದೆ ಕೊಟ್ಟು ಬಸಿರಿನಂಥ ಸ್ಥಿತಿಯನ್ನು ತರಿಸಿದರು. ಪ್ರೊಜೆಸ್ಟಿನ್ ಅಂದರೆ ಪ್ರೊಜೆಸ್ಟೆರಾನ್‌ನಂತೆ ಕೆಲಸ ಮಾಡುವ, ಕಾರ್ಖಾನೆಯಲ್ಲಿ ತಯಾರಾದ ಹಾರ್ಮೋನು. ಅಮೆರಿಕದಲ್ಲಿ ಮೊದಲ ಗರ್ಭನಿರೋಧಕ ಗುಳಿಗೆಗೆ 1957ರಲ್ಲಿ ಒಪ್ಪಿಗೆ ಸಿಕ್ಕಿದ್ದೇ ಮುಟ್ಟಿನ ತೊಂದರೆಗಳ ಔಷಧವಾಗಿ. ಗರ್ಭನಿರೋಧಕವೆಂಬ ಹೆಸರಿನಲ್ಲಿ ಒಪ್ಪಿಗೆ ಬಂದದ್ದು 1960ರಲ್ಲಿ. ಅಂದಿನ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಇಂದಿನದಕ್ಕಿಂತ ಬಹಳ ಹೆಚ್ಚು.

ಇಂದಿನ ಕಡಿಮೆ ಪ್ರಮಾಣದ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಸಿಗುತ್ತದೆ. ಮಾಲಾ ಎನ್ ಅದು. ಸರ್ಕಾರ ಪುಕ್ಕಟೆ ಕೊಡುವ ಈ ಹಾಳೆಯಲ್ಲಿ 21 ಹಾರ್ಮೋನು ಗುಳಿಗೆ, 7 ಕಬ್ಬಿಣದ ಗುಳಿಗೆ ಇರುತ್ತವೆ. ಒಂದೊಂದು ಹಾರ್ಮೋನು ಗುಳಿಗೆಯಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್, 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜೆನ್. ಇವು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸುತ್ತವೆ, ಅಲ್ಲಿಂದ ಬರುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳು ತಗ್ಗುತ್ತವೆ, ಅಂಡಾಶಯ ಅಂಡ ಬಿಡುವುದನ್ನು ನಿಲ್ಲಿಸುತ್ತದೆ, ಅದರ ಸ್ವಂತ ಈಸ್ಟ್ರಡಯಾಲ್ ಮುಟ್ಟಿನ ಮೊದಲ ದಿನಗಳ ಮಟ್ಟಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಗುಳಿಗೆಯಲ್ಲಿರುವ ಈಸ್ಟ್ರೋಜೆನ್ ಎಲುಬನ್ನು ಕಾಯುತ್ತದೆ. ನೋವಿಗಾಗಿ ಕೊಡುವಾಗ ವೈದ್ಯರು ಕಬ್ಬಿಣದ ಗುಳಿಗೆಯ ವಾರವನ್ನು ಬಿಟ್ಟು, ಹಾಳೆಯ ಮೇಲೆ ಹಾಳೆ ಹಾರ್ಮೋನು ಗುಳಿಗೆಯನ್ನೇ ನುಂಗಿಸುವುದುಂಟು. ಮುಟ್ಟೇ ಬರದಿದ್ದರೆ ಮುಟ್ಟಿನ ನೋವೂ ಇಲ್ಲ. ‘ಮುಟ್ಟು ನಿಂತ್ರ ಕೆಟ್ಟ ರಕ್ತ ಒಳಗ ಕೂಡತೈತಿ’ ಎಂಬ ಹೆದರಿಕೆ ಊರಲ್ಲಿದೆ. ಅದಕ್ಕೆ ಆಧಾರವಿಲ್ಲ. ಗುಳಿಗೆ ನುಂಗುವಾಗ ಒಳಪದರ ಬೆಳೆಯುವುದೇ ಇಲ್ಲ, ಬೆಳೆಯದಿದ್ದ ಮೇಲೆ ಕಳಚುವುದೂ ಇಲ್ಲ. ಬಿಪಿ ಹೆಚ್ಚಿರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆಯಿರುವವರು, ಕಣ್ಣು ಮಂಜಾಗಿ ಬರುವ ಬಗೆಯ ಅರೆತಲೆನೋವಿರುವವರು, ಬಾಣಂತಿಯರು ಈ ಗುಳಿಗೆ ನುಂಗಬಾರದು. ವೈದ್ಯರು ಕೇಳದಿದ್ದರೂ ತಾವಾಗಿ ಹೇಳಬೇಕಾದ ಸಂಗತಿಗಳಿವು.

ಅಂಥವರಿಗೆ ಪ್ರೊಜೆಸ್ಟಿನ್ ಮಾತ್ರವೇ ಇರುವ ಔಷಧಗಳಿವೆ. ಜಾತ್ರೆಗೋ ಮದುವೆಗೋ ಮುಟ್ಟು ಅಡ್ಡ ಬರುತ್ತದೆಂದು ಹೆಂಗಸರು ಔಷಧದಂಗಡಿಯಲ್ಲಿ ಕೇಳಿ ಕೊಳ್ಳುವ ಗುಳಿಗೆಯಿದೆಯಲ್ಲ, ಆ ನಾರ್‌ಎಥಿಸ್ಟಿರಾನ್ ಎಂಡೊಮೆಟ್ರಿಯೋಸಿಸ್‌ಗೆ ದಶಕಗಳಿಂದ ಬಳಕೆಯಲ್ಲಿರುವ ಔಷಧವೂ ಹೌದು. 1951ರಲ್ಲಿ ಮೆಕ್ಸಿಕೊದ ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸಿಯವರ ತಂಡದ ಲೂಯಿಸ್ ಮಿರಮೊಂಟೆಸ್ ಎಂಬ ತರುಣ ಅದನ್ನು ತಯಾರಿಸಿದ. ಕಚ್ಚಾವಸ್ತು ಬಂದದ್ದು ಅಲ್ಲಿನ ಕಾಡುಗೆಣಸಿನಿಂದ. ಇನ್ನೊಂದು ಔಷಧ ಡೈನೊಜೆಸ್ಟ್. ಪೂರ್ವ ಜರ್ಮನಿಯ ಯೇನಾದಲ್ಲಿ 1970ರ ದಶಕದ ಕೊನೆಗೆ ಹುಟ್ಟಿ, ಎಂಡೊಮೆಟ್ರಿಯೋಸಿಸ್‌ಗೆಂದೇ ಯುರೋಪಿನಲ್ಲಿ ಸುಮಾರು 2010ರಿಂದ ಬಳಕೆಗೆ ಬಂತು, ಈಗ ನಮ್ಮಲ್ಲಿ ಹಲವು ಕಂಪನಿಗಳು ತಯಾರಿಸುತ್ತವೆ. ದಿನಕ್ಕೆ 2 ಮಿಲಿಗ್ರಾಂ. ಇದನ್ನು ನುಂಗುವ ಬಹುತೇಕರಲ್ಲಿ ಅಂಡ ಬಿಡುಗಡೆ ನಿಲ್ಲುತ್ತದೆ, ಆದರೆ ಈಸ್ಟ್ರಡಯಾಲ್ ಪಾತಾಳಕ್ಕಿಳಿಯದೆ 30ರಿಂದ 50 ಪಿಕೋಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಜೊತೆಗೆ ತುಣುಕುಗಳ ಮೇಲೆ ನೇರವಾಗಿಯೂ ಕೆಲಸ ಮಾಡಿ ಅವು ಕುಗ್ಗುವಂತೆ ಮಾಡುತ್ತದೆ. ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಚೂರು ಚೂರು ರಕ್ತ ಕಾಣಿಸುತ್ತದೆ. ಇದು ಕಾಡುವಂಥದ್ದೇ, ಅದರಲ್ಲೂ ಮುಟ್ಟಾದರೆ ದೇವರ ಕೋಣೆ, ಅಡುಗೆಮನೆ ದೂರವಾಗುವ ಮನೆಗಳಲ್ಲಿ. ಎಷ್ಟೋ ಮಂದಿ ಗುಳಿಗೆ ಬಿಡುವುದು ಇಲ್ಲೇ. ಹೀಗಾಗುತ್ತದೆ, ನಾಲ್ಕಾರು ತಿಂಗಳಲ್ಲಿ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿದ್ದರೆ ಅವರಲ್ಲಿ ಅನೇಕರು ಮುಂದುವರಿಸುತ್ತಿದ್ದರು. ಮನಸ್ಸು ಕುಗ್ಗುವುದು, ತಲೆನೋವು ಕೆಲವರಿಗೆ ಬರುತ್ತವೆ, ಅದನ್ನೂ ಮುಚ್ಚಿಡಬಾರದು.

2017ರಿಂದ ಸರ್ಕಾರ ಅಂತರಾ ಎಂಬ ಹೆಸರಿನಲ್ಲಿ ಕೊಡುತ್ತಿರುವ ಗರ್ಭನಿರೋಧಕ ಚುಚ್ಚುಮದ್ದಿನಲ್ಲಿರುವುದೂ ಒಂದು ಪ್ರೊಜೆಸ್ಟಿನ್ನೇ. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಈಸ್ಟ್ರಡಯಾಲ್ ತಗ್ಗಿ ನಿಲ್ಲುತ್ತದೆ, ನೋವೂ ತಗ್ಗುತ್ತದೆ. ಆದರೆ ನಿಲ್ಲಿಸಿದ ಮೇಲೆ ಅಂಡ ಬಿಡುಗಡೆ ಮತ್ತೆ ಶುರುವಾಗಲು ಹಲವು ತಿಂಗಳು ಹಿಡಿಯುತ್ತದೆ. ಬೇಗ ಮಗು ಬೇಕೆನ್ನುವವರಿಗೆ ಅದು ಸಲ್ಲದು. ಗರ್ಭಕೋಶದೊಳಗೆ ಇಡುವ ಲೆವೊನಾರ್ಜೆಸ್ಟ್ರೆಲ್ ಸಾಧನ ಬೇರೆಯೇ ರೀತಿಯದು. ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಹಾರ್ಮೋನನ್ನು ಅಲ್ಲಲ್ಲೇ ಒಸರಿಸುವುದರಿಂದ ಅಂಡಾಶಯ ಬಹುಮಟ್ಟಿಗೆ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ರಕ್ತದ ಈಸ್ಟ್ರಡಯಾಲ್ ಹೆಚ್ಚೇನೂ ಬದಲಾಗುವುದಿಲ್ಲ.

ಈ ಔಷಧಗಳಿಗೆ ಜಗ್ಗದ ನೋವಿಗೆ ವೈದ್ಯವಿಜ್ಞಾನ ಮಿದುಳಿನ ಕಡೆಗೆ ನೋಡಿತು. ಅಂಡಾಶಯವನ್ನು ನಡೆಸುವುದು ಪಿಟ್ಯುಟರಿ, ಪಿಟ್ಯುಟರಿಯನ್ನು ನಡೆಸುವುದು ಅದರ ಮೇಲಿರುವ ಹೈಪೊಥಲಾಮಸ್. ಅಲ್ಲಿಂದ ಹೊರಡುವ ಸಂದೇಶದ ಹಾರ್ಮೋನು ಯಾವುದೆಂದು ಹುಡುಕಲು ಇಬ್ಬರು ವಿಜ್ಞಾನಿಗಳು ಹಠಕ್ಕೆ ಬಿದ್ದಿದ್ದರು. ಆಂಡ್ರ್ಯೂ ಶಾಲಿ ಕಸಾಯಿಖಾನೆಗಳಿಂದ ಲಕ್ಷಕ್ಕೂ ಮಿಕ್ಕಿದ ಹಂದಿಗಳ ಹೈಪೊಥಲಾಮಸ್ ತರಿಸಿದರು, ರೋಜರ್ ಗಿಲ್ಮಾ ಕುರಿಗಳದ್ದು ತರಿಸಿದರು. ಅಷ್ಟೆಲ್ಲ ಅರೆದು ಸೋಸಿದಾಗ ಸಿಕ್ಕದ್ದು ಒಂದು ಮಿಲಿಗ್ರಾಂಗೂ ಕಡಿಮೆ ವಸ್ತು. 1971ರಲ್ಲಿ ಶಾಲಿಯವರ ಪ್ರಯೋಗಾಲಯ ಅದರ ರಚನೆಯನ್ನು ಪ್ರಕಟಿಸಿತು. ಹತ್ತೇ ಅಮೈನೊ ಆಮ್ಲಗಳ ಸರಪಳಿ, ಹೆಸರು ಜಿಎನ್‌ಆರ್‌ಎಚ್. ಹಂದಿಯಲ್ಲೂ ಕುರಿಯಲ್ಲೂ ಮನುಷ್ಯರಲ್ಲೂ ಅದು ಒಂದೇ. ಕನಕದಾಸರ ಕಾಗಿನೆಲೆ ಕುರುಬ ಸಮುದಾಯದ ಗುರುಪೀಠವಿರುವ ಊರು. ಆ ಸೀಮೆಯ ಹೊಲಗಳಲ್ಲಿ ತಂಗುವ ಕುರಿಹಿಂಡನ್ನು ಮರಿಹಾಕುವಂತೆ ಮಾಡುವ ಅಣು, ಹಿಂಡನ್ನು ಕಾಯುವವರ ಮನೆಯ ಹೆಂಗಸರನ್ನು ಮುಟ್ಟಾಗಿಸುವ ಅಣು ಎರಡೂ ಒಂದೇ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಯಾಲೊ ಅವರೊಡನೆ 1977ರ ನೊಬೆಲ್ ಹಂಚಿಕೊಂಡವರು ಶಾಲಿ ಮತ್ತು ಗಿಲ್ಮಾ.

ಈ ಅಣು ಸಿಕ್ಕ ಮೇಲೆ ಅದಕ್ಕಿಂತ ಪ್ರಬಲವಾದ, ಹೆಚ್ಚು ಹೊತ್ತು ಉಳಿಯುವ ಪ್ರತಿರೂಪಗಳನ್ನು ತಯಾರಿಸಿದರು. ಅಂಡಾಶಯ ಇನ್ನಷ್ಟು ಚುರುಕಾದೀತೆಂಬುದು ನಿರೀಕ್ಷೆ. ಆದದ್ದು ತಿರುಗುಮುರುಗು. ಕಾರಣ ಪಿಟ್ಸ್‌ಬರ್ಗಿನ ಅರ್ನ್‌ಸ್ಟ್ ನೊಬಿಲ್ ಅವರ ತಂಡಕ್ಕೆ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ತಿಳಿಯಿತು. ಹೈಪೊಥಲಾಮಸ್ ಈ ಹಾರ್ಮೋನನ್ನು ಧಾರೆಯಾಗಿ ಸುರಿಸುವುದಿಲ್ಲ, ಸರಿಸುಮಾರು ಗಂಟೆಗೊಮ್ಮೆ ಒಂದೊಂದು ಮಿಡಿತವಾಗಿ ಬಿಡುತ್ತದೆ. 1978ರಲ್ಲಿ ಅವರು ಅದನ್ನು ಬಿಡುವಿಲ್ಲದೆ ಹರಿಸಿ ನೋಡಿದಾಗ ಪಿಟ್ಯುಟರಿ ಸ್ತಬ್ಧವಾಯಿತು. ಆಗಾಗ ತಟ್ಟಿದರೆ ಬಾಗಿಲು ತೆರೆಯುತ್ತಾರೆ, ನಿಲ್ಲದೆ ಬಡಿಯುತ್ತಲೇ ಇದ್ದರೆ ಒಳಗಿನವರು ಅಗಳಿ ಹಾಕಿಕೊಳ್ಳುತ್ತಾರೆ. ಆ ಪ್ರತಿರೂಪಗಳಲ್ಲೊಂದಾದ ಲ್ಯೂಪ್ರೊಲೈಡ್ ಚುಚ್ಚುಮದ್ದು ಕೆಲಸ ಮಾಡುವುದು ಹೀಗೆ. ತಿಂಗಳಿಗೊಮ್ಮೆ 3.75 ಮಿಲಿಗ್ರಾಂ ಚುಚ್ಚಿದರೆ ಮೊದಲ ಒಂದೆರಡು ವಾರ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯಾಲ್ ಮೂರೂ ಏರುತ್ತವೆ, ನೋವೂ ಏರಬಹುದು. ‘ಇಂಜೆಕ್ಷನ್ ಮಾಡಿಸಿದ ಮ್ಯಾಲೆ ಮತ್ತಷ್ಟು ಆತು’ ಎಂದು ಹೆದರಿ ಬರುವವರು ಈ ಹಂತದವರು. ಸುಮಾರು ನಾಲ್ಕನೆಯ ವಾರದ ಹೊತ್ತಿಗೆ ಎಲ್ಲ ಕುಸಿದು ಈಸ್ಟ್ರಡಯಾಲ್ 20ಕ್ಕಿಂತ ಕೆಳಗೆ, ಮುಟ್ಟು ನಿಂತವರ ಮಟ್ಟಕ್ಕೆ ಬರುತ್ತದೆ.

ನೋವು ನಿಲ್ಲುತ್ತದೆ, ಬೇರೆ ಕಷ್ಟ ಶುರುವಾಗುತ್ತದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಝಳ ಹೊಡೆದು ಬೆವರುವುದು, ನಿದ್ದೆ ಬಾರದಿರುವುದು, ಯೋನಿ ಒಣಗುವುದು, ಸಿಡುಕು. ಎಲುಬು ಬೇರೆ ಸವೆಯುತ್ತದೆ. ಆರು ತಿಂಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ಶೇ. 3ರ ಆಸುಪಾಸು ಕಡಿಮೆಯಾಗಬಹುದು. ಔಷಧ ನಿಲ್ಲಿಸಿದ ಮೇಲೆ ಹೆಚ್ಚಿನ ಪಾಲು ಮರಳುತ್ತದೆ. ಹಾಗಾದರೆ ಈಸ್ಟ್ರೋಜೆನ್ ಅನ್ನು ಇಷ್ಟೊಂದು ಇಳಿಸುವ ಅಗತ್ಯವಿದೆಯೇ? ಈ ಪ್ರಶ್ನೆಯನ್ನು 1992ರಲ್ಲಿ ಅಮೆರಿಕದ ರಾಬರ್ಟ್ ಬಾರ್ಬಿಯೆರಿ ಎತ್ತಿದರು. ದೇಹದ ಬೇರೆ ಬೇರೆ ಅಂಗಾಂಶಗಳಿಗೆ ಬೇಕಾದ ಈಸ್ಟ್ರಡಯಾಲ್ ಬೇರೆ ಬೇರೆ. ಎಲುಬು ಕಡಿಮೆಯಲ್ಲೇ ಉಳಿದುಕೊಳ್ಳುತ್ತದೆ, ಎಂಡೊಮೆಟ್ರಿಯೋಸಿಸ್ ತುಣುಕಿಗೆ ಬೆಳೆಯಲು ಹೆಚ್ಚು ಬೇಕು. ಎರಡರ ನಡುವೆ, ಹೆಚ್ಚುಕಡಿಮೆ 30ರಿಂದ 50 ಪಿಕೋಗ್ರಾಂನಲ್ಲಿ, ಒಂದು ಇಕ್ಕಟ್ಟಾದ ಜಾಗವಿದೆ. ಈಸ್ಟ್ರಡಯಾಲನ್ನು ಅಲ್ಲಿ ನಿಲ್ಲಿಸಿದರೆ ತುಣುಕು ಸೊರಗುತ್ತದೆ, ಎಲುಬು ಉಳಿಯುತ್ತದೆ. ಈ ಎಣಿಕೆ ಬಂದ ಮೇಲೆ ಲ್ಯೂಪ್ರೊಲೈಡ್ ಜೊತೆಗೆ ತುಸು ಈಸ್ಟ್ರೋಜೆನ್ ಅಥವಾ ನಾರ್‌ಎಥಿಸ್ಟಿರಾನ್ ಕೊಡುವ ಪದ್ಧತಿ ಗಟ್ಟಿಯಾಯಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುವುದೇಕೆ ಎಂದು ಕೇಳುವವರಿಗೆ ಉತ್ತರ ಆ ಎರಡು ಅಂಕಿಗಳ ನಡುವೆ ಇದೆ.

ಹೊಸ ಔಷಧಗಳನ್ನು ರೂಪಿಸಿದ್ದೂ ಇದೇ ಗುರಿಯಿಟ್ಟುಕೊಂಡು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಲಗೊಲಿಕ್ಸ್ ಗುಳಿಗೆ ಜಿಎನ್‌ಆರ್‌ಎಚ್ ಕೂರುವ ಜಾಗವನ್ನೇ ತಡೆಯುತ್ತದೆ. ಮೊದಲ ವಾರಗಳ ಏರಿಕೆ ಇದರಲ್ಲಿಲ್ಲ, ಪ್ರಮಾಣಕ್ಕೆ ತಕ್ಕಂತೆ ಈಸ್ಟ್ರಡಯಾಲ್ ಇಳಿಯುತ್ತದೆ. ದಿನಕ್ಕೆ 150 ಮಿಲಿಗ್ರಾಂ ನುಂಗಿದರೆ ಅರ್ಧಂಬರ್ಧ, 200ರಂತೆ ಎರಡು ಹೊತ್ತು ನುಂಗಿದರೆ ಹೆಚ್ಚುಕಡಿಮೆ ಪೂರ್ತಿ. 1970ರ ದಶಕದಲ್ಲಿ ಬಂದ ಡೆನಜಾಲ್ ಈಗ ಹಿಂದೆ ಸರಿದಿದೆ. ಅದು ಗಂಡು ಹಾರ್ಮೋನಿನ ಗುಣದ್ದು. ಮೊಡವೆ, ಮುಖದ ಮೇಲೆ ಕೂದಲು ಬರುತ್ತಿದ್ದವು, ಕೆಲವರ ದನಿ ಗಡಸಾಗಿ ಹಾಗೆಯೇ ಉಳಿಯುತ್ತಿತ್ತು.

ಚಿಕಿತ್ಸೆಯ ನಡುವೆ ಹಾರ್ಮೋನು ಪರೀಕ್ಷೆ ಮಾಡಿಸಿ ಗಾಬರಿಯಾಗುವವರಿದ್ದಾರೆ. ಮಾಲಾ ಎನ್ ಥರದ ಗುಳಿಗೆ ನುಂಗುತ್ತಿರುವವಳ ವರದಿಯಲ್ಲಿ ಈಸ್ಟ್ರಡಯಾಲ್ ತೀರ ಕಡಿಮೆ, ಎಫ್‌ಎಸ್‌ಎಚ್ ಕಡಿಮೆ ಎಂದು ಬರುತ್ತದೆ. ಗುಳಿಗೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಬೇರೆ ಅಣುವಾದ್ದರಿಂದ ಈ ಪರೀಕ್ಷೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಡಾಶಯ ಸತ್ತಿತೆಂದು ಅದರ ಅರ್ಥವಲ್ಲ, ಅದು ವಿರಾಮದಲ್ಲಿದೆ. ಅಂಡಗಳ ದಾಸ್ತಾನು ಅಂದಾಜಿಸುವ ಎಎಂಎಚ್ ಅಂಕಿಯೂ ಗುಳಿಗೆಯ ಕಾಲದಲ್ಲಿ ತುಸು ಇಳಿದು ಆಮೇಲೆ ಏರುತ್ತದೆ. ‘ಹಾರ್ಮೋನು ಗುಳಿಗಿ ತಿಂದ್ರ ಮುಂದ ಮಕ್ಕಳಾಗೂದಿಲ್ಲ’ ಎಂಬ ಮಾತಿಗೆ ಈ ವರದಿಗಳು ಸಾಕ್ಷಿಯಾಗಬಾರದು. ಗುಳಿಗೆ ನುಂಗುತ್ತಿರುವವರೆಗೆ ಬಸಿರು ನಿಲ್ಲುವುದಿಲ್ಲ ಎಂಬುದು ನಿಜ, ಹಾಗಾಗಿ ಈಗಲೇ ಮಗು ಬೇಕಾದವರಿಗೆ ಇದು ದಾರಿಯಲ್ಲ. ಗುಳಿಗೆ ತುಣುಕುಗಳನ್ನು ಬೇರುಸಹಿತ ಕೀಳುವುದೂ ಇಲ್ಲ, ಬಿಟ್ಟರೆ ನೋವು ಮರಳಬಹುದು. ವರ್ಷಗಟ್ಟಲೆ ನುಂಗಬೇಕಾದೀತು ಎಂಬುದನ್ನು ಮೊದಲ ದಿನವೇ ಹೇಳುವುದು ನ್ಯಾಯ.

ಇನ್ನು ಕತ್ತರಿಯ ಮಾತು. ಎಲ್ಲ ಔಷಧ ಸೋತು, ಮಕ್ಕಳ ಆಸೆ ಮುಗಿದು, ತಿಳಿದು ಒಪ್ಪಿಕೊಂಡ ಹೆಂಗಸಿಗೆ ಗರ್ಭಚೀಲ ತೆಗೆಯುವುದು ನೆಮ್ಮದಿ ಕೊಡಬಲ್ಲದು. ತುಣುಕುಗಳನ್ನೂ ಹುಡುಕಿ ತೆಗೆದರೆ ಇನ್ನೂ ಹೆಚ್ಚು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗರ್ಭಚೀಲ ತೆಗೆದು ಅಂಡಾಶಯ ಬಿಟ್ಟರೆ ಈಸ್ಟ್ರಡಯಾಲ್ ಏರಿಳಿಯುತ್ತಲೇ ಇರುತ್ತದೆ, ಹೊರಗುಳಿದ ತುಣುಕು ನೋಯುತ್ತಲೇ ಇರಬಹುದು. ಅಂಡಾಶಯವನ್ನೂ ತೆಗೆದರೆ ಈಸ್ಟ್ರಡಯಾಲ್ ಒಂದೆರಡು ದಿನದಲ್ಲೇ ನೆಲಕಚ್ಚುತ್ತದೆ. ಸಹಜವಾಗಿ ಮುಟ್ಟು ನಿಲ್ಲುವಾಗ ವರ್ಷಗಳಲ್ಲಿ ಆಗುವ ಬದಲಾವಣೆ ಅದು. ಹೆಂಗಸರ ಮೈಯಲ್ಲಿರುವ ಟೆಸ್ಟೊಸ್ಟೆರಾನ್ ಕೂಡ ಸುಮಾರು ಅರ್ಧಕ್ಕಿಳಿಯುತ್ತದೆ. ಲ್ಯೂಪ್ರೊಲೈಡ್ ನಿಲ್ಲಿಸಬಹುದು, ಇದನ್ನು ನಿಲ್ಲಿಸಲಾಗದು. ಮೂವತ್ತೆರಡಕ್ಕೆ ಎರಡೂ ಅಂಡಾಶಯ ಕಳೆದುಕೊಂಡವಳು, ಹಾರ್ಮೋನು ಮರುಪೂರಣ ಸಿಗದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಿನ ಒಂದೂವರೆ ದಶಕವನ್ನು ಈಸ್ಟ್ರೋಜೆನ್ ಇಲ್ಲದೆ ದೂಡಬೇಕು. ಎಲುಬು ಟೊಳ್ಳಾಗುವ, ಹೃದಯದ ಕಾಯಿಲೆ ಬೇಗ ಬರುವ ಅಪಾಯ ಹೆಚ್ಚುತ್ತದೆ. ತಲೆಯ ಮೇಲೆ ಹೊರೆ ಹೊರುವ, ದಿನವಿಡೀ ಬಗ್ಗಿ ಕಳೆ ತೆಗೆಯುವ ಬೆನ್ನಿಗೆ ಆ ನಷ್ಟ ಸಣ್ಣದಲ್ಲ. ಹತ್ತು ವರ್ಷದ ಕೆಳಗೆ ಆಪರೇಷನ್ ಆದವಳು ‘ಸೊಂಟ ಹಿಡದೈತಿ, ಮೊದಲಿನಂಗ ದುಡಿಯಾಕ ಆಗೂದಿಲ್ರಿ’ ಅಂದರೆ ಅದನ್ನು ಸೋಮಾರಿತನವೆಂದು ಬಗೆಯುವ ಮೊದಲು ಅವಳ ಎಲುಬಿನಲ್ಲಿ ಏನಾಗಿದೆಯೆಂದು ಕೇಳಬೇಕು.

ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿತು. ರಾಜ್ಯಗಳು ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಇನ್ನು ಮುಂದೆ ಆಗುವ ಶಸ್ತ್ರಚಿಕಿತ್ಸೆಗಳಿಗೆ ಅದು ಕಾವಲು. ಈಗಾಗಲೇ ಚೀಲ ತೆಗೆಸಿಕೊಂಡವರಿಗೆ ಮೊದಲು ಬೇಕಾದದ್ದು ಬೇರೆ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೋ ಇಲ್ಲವೋ ಎಂಬುದು ಅವರಲ್ಲಿ ಅನೇಕರಿಗೆ ಗೊತ್ತೇ ಇರುವುದಿಲ್ಲ. ಡಿಸ್ಚಾರ್ಜ್ ಚೀಟಿ ಕಳೆದಿರುತ್ತದೆ, ಇದ್ದರೂ ಓದಲಾಗುವುದಿಲ್ಲ. ಇಂಥವರಿಗೆ ಒಂದು ರಕ್ತಪರೀಕ್ಷೆ ಉತ್ತರ ಕೊಡಬಲ್ಲದು. ಅಂಡಾಶಯ ಇಲ್ಲವಾದಾಗ ಪಿಟ್ಯುಟರಿ ಅದನ್ನು ಎಬ್ಬಿಸಲು ಎಫ್‌ಎಸ್‌ಎಚ್ ಅನ್ನು ಸುರಿಯುತ್ತಲೇ ಇರುತ್ತದೆ. ನಲವತ್ತು ಮುಟ್ಟದ, ಯಾವ ಹಾರ್ಮೋನು ಔಷಧವನ್ನೂ ನುಂಗದ ಹೆಂಗಸಿನ ರಕ್ತದಲ್ಲಿ ಎಫ್‌ಎಸ್‌ಎಚ್ ಲೀಟರಿಗೆ 40 ಯೂನಿಟ್ ದಾಟಿ, ಈಸ್ಟ್ರಡಯಾಲ್ 20 ಪಿಕೋಗ್ರಾಂನ ಕೆಳಗಿದ್ದರೆ ಅವಳ ಅಂಡಾಶಯ ಹೋಗಿದೆ, ಇಲ್ಲವೇ ಕೆಲಸ ನಿಲ್ಲಿಸಿದೆ. ಯಾವುದೆಂದು ಸ್ಕ್ಯಾನ್ ಹೇಳುತ್ತದೆ. ಎರಡರಲ್ಲಿ ಯಾವುದಾದರೂ ಅವಳಿಗೆ ಎಲುಬಿನ ಪರೀಕ್ಷೆ ಆಗಬೇಕು, ಸ್ತನ ಕ್ಯಾನ್ಸರ್‌ನಂಥ ಅಡ್ಡಿಯಿಲ್ಲದಿದ್ದರೆ ಐವತ್ತರ ಆಸುಪಾಸಿನವರೆಗೆ ಈಸ್ಟ್ರೋಜೆನ್ ಮರುಪೂರಣ ಸಿಗಬೇಕು. ಹಿಂದೆ ಎಂಡೊಮೆಟ್ರಿಯೋಸಿಸ್ ಇದ್ದವಳಾದರೆ ಆ ಮರುಪೂರಣದಲ್ಲಿ ಪ್ರೊಜೆಸ್ಟಿನ್ ಕೂಡ ಸೇರಿರುವುದು ಲೇಸು, ಏಕೆಂದರೆ ಗರ್ಭಚೀಲ ಹೋದರೂ ತುಣುಕುಗಳು ಹೊಟ್ಟೆಯಲ್ಲಿ ಇನ್ನೂ ಇರಬಹುದು.